ಎರಡು ನಗರಗಳಲ್ಲಿ ಒಂದೇ ದಿವಾಳಿ

1906ನೆಯ ಅಕ್ಟೋಬರ್ 22, ಸೋಮವಾರದಂದು ಮದರಾಸಿನ ಅರ್ಬತ್ನಾಟ್ ಕಂಪನಿ ಬಾಗಿಲು ಮುಚ್ಚಿತು. ಪ್ಯಾರಿ, ಬಿನ್ನಿಗಳ ಸಾಲಿನಲ್ಲಿ ಗಣನೆಗೆ ಬಂದಿದ್ದ ಈ ಸಂಸ್ಥೆ ವ್ಯಾಪಾರದ ಜತೆಗೆ ಲೇವಾದೇವಿಯನ್ನೂ ನಡೆಸುತ್ತಿತ್ತು. ನಿವೃತ್ತ ಅಧಿಕಾರಿಗಳು, ಜಮೀನುದಾರರು, ವಿಧವೆಯರು ಒಳ್ಳೆಯ ಬಡ್ಡಿಯ ಆಸೆಯಿಂದ ತಮ್ಮ ಉಳಿತಾಯವನ್ನು ಅಲ್ಲಿರಿಸಿದ್ದರು. ಆಂಗ್ಲ ಮನೆತನದ ಹೆಸರೇ ಅವರಿಗೆ ಜಾಮೀನಾಗಿತ್ತು.

ಅದಕ್ಕೆ ಎರಡು ದಿನ ಮುಂಚೆ, ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾಕ್‌ಫೇಡಿಯನ್ ಎಂಬಾತ ರೈಲಿನಡಿ ಬಿದ್ದು ಪ್ರಾಣ ಕಳೆದುಕೊಂಡಿದ್ದ. ಲಂಡನ್ನಿನ ಮ್ಯಾಕ್‌ಫೇಡಿಯನ್ ಕಂಪನಿಗೂ ಮದರಾಸಿನ ಅರ್ಬತ್ನಾಟ್ ಕಂಪನಿಗೂ ಪಾಲುದಾರರು ಒಬ್ಬರೇ. ಇಲ್ಲಿಯ ಠೇವಣಿ ಅಲ್ಲಿಗೆ ಹರಿದು, ಸಟ್ಟಾ ವ್ಯವಹಾರದಲ್ಲಿ ಕರಗಿಹೋಗಿತ್ತು. ಹೆಸರು ಎರಡಾದರೂ ಋಣ ಒಂದೇ ಎಂಬುದು ಜನರಿಗೆ ತಿಳಿದದ್ದು ಹಣ ಮುಳುಗಿದ ಮೇಲೆ.

ಕಾನೂನಿನ ತೊಡಕು ಹುಟ್ಟಿದ್ದು ಇಲ್ಲಿಯೇ. ಮದರಾಸಿನಲ್ಲಿ ಆಗ 1848ರ ದಿವಾಳಿ ಶಾಸನ ಜಾರಿಯಲ್ಲಿತ್ತು. ಅದರ ಪ್ರಕಾರ ದಿವಾಳಿಗಾರನ ಆಸ್ತಿ ಹೈಕೋರ್ಟಿನ ಅಫಿಷಿಯಲ್ ಅಸೈನಿಯ ವಶಕ್ಕೆ ಸೇರುತ್ತಿತ್ತು. ಲಂಡನ್ನಿನಲ್ಲಿ 1883ರ ಶಾಸನದಂತೆ ಬೇರೊಬ್ಬ ಟ್ರಸ್ಟಿ. ಅದೇ ಪಾಲುದಾರರ ಅದೇ ಆಸ್ತಿಗೆ ಇಬ್ಬರು ಹಕ್ಕುದಾರರು! ಒಬ್ಬೊಬ್ಬರೂ ತಮ್ಮ ಬಾಗಿಲಿಗೆ ಬಂದವರಿಗಷ್ಟೇ ಹಂಚಿದ್ದರೆ, ಎಲ್ಲಿ ಹೆಚ್ಚು ಆಸ್ತಿ ಕೈಗೆ ಸಿಕ್ಕಿತೋ ಅಲ್ಲಿಯವರು ಬದುಕಿಕೊಳ್ಳುತ್ತಿದ್ದರು. ಮೈಲಾಪುರದ ಠೇವಣಿದಾರ ಹಡಗಿನ ಟಪ್ಪಾಲನ್ನು ಕಾಯುತ್ತ ಲಂಡನ್ನಿನ ವಕೀಲನಿಗೆ ಶುಲ್ಕ ತೆರಬೇಕಾಗುತ್ತಿತ್ತು. ಸಾಮ್ರಾಜ್ಯದ ದಿವಾಳಿ ನ್ಯಾಯಾಲಯಗಳು ಪರಸ್ಪರ ನೆರವಾಗತಕ್ಕದ್ದೆಂದು 1883ರ ಶಾಸನದ 118ನೆಯ ಕಲಮು ವಿಧಿಸಿತ್ತು, ನಿಜ. ಆದರೆ ಉಳಿದ ಹಣವನ್ನು ಹೇಗೆ ಪಾಲು ಮಾಡಬೇಕೆಂಬ ಲೆಕ್ಕವನ್ನು ಅದು ಹೇಳಿರಲಿಲ್ಲ.

ಆಗ ಲಂಡನ್ನಿನ ಟ್ರಸ್ಟಿಯೂ ಮದರಾಸಿನ ಅಸೈನಿಯೂ ತಮ್ಮೊಳಗೇ ಒಂದು ಒಪ್ಪಂದಕ್ಕೆ ಬಂದರು. ಎರಡು ಕಡೆಯ ಆಸ್ತಿಯನ್ನೂ ಒಂದುಗೂಡಿಸಿ, ಎರಡು ಕಡೆಯ ಋಣದಾತರಿಗೂ ಅವರವರ ಬಾಕಿಯ ಪ್ರಮಾಣಕ್ಕೆ ತಕ್ಕಂತೆ ಹಂಚುವುದೇ ಅದರ ತಿರುಳು. ವಿಜಯನಗರಂ ಕಂಪನಿಯ ಹೆಸರಿನಲ್ಲಿ ವರದಿಯಾಗಿರುವ 1908ರ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಈ ಏರ್ಪಾಡನ್ನು ಎತ್ತಿಹಿಡಿಯಿತು. ಗಡಿ ದಾಟಿದ ದಿವಾಳಿಗಳ ಚರ್ಚೆಯಲ್ಲಿ ಈ ತೀರ್ಪು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಮುಳುಗಿದ ಹಣ ಇದರಿಂದ ಹಿಂದಿರುಗಲಿಲ್ಲ; ನಷ್ಟವಾದರೂ ಸಮನಾಗಿ ಹಂಚಿಕೆಯಾಯಿತು.

ಸರ್ ಜಾರ್ಜ್ ಅರ್ಬತ್ನಾಟ್ ಹದಿನೆಂಟು ತಿಂಗಳ ಕಠಿಣ ಶಿಕ್ಷೆಗೆ ಗುರಿಯಾದನು. ಋಣದಾತರ ಪರವಾಗಿ ಹೋರಾಡಿದ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಯತ್ನದಿಂದ 1907ರಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಸಂಸ್ಥೆಯೂ, ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳ ನಿಧಿಯೂ 1906ರಲ್ಲಿಯೇ ಸ್ಥಾಪನೆಗೊಂಡಿದ್ದವು. ಅವೂ ಈ ಪತನದ ಫಲವೆಂದು ಭಾವಿಸುವುದು ತಪ್ಪು. ಅವು ಅಕ್ಟೋಬರಿಗಿಂತ ಮುಂಚಿನವು. ಬೆಂಗಳೂರಿನ ಗಿರಣಿಯಿಂದ ಕನ್ನಡಿಗರಿಗೆ ಪರಿಚಿತವಾದ ಬಿನ್ನಿ ಕಂಪನಿಯಂತೂ ಅದೇ ಬಿಕ್ಕಟ್ಟಿನಲ್ಲಿ ತತ್ತರಿಸಿ, ಮುಂದೆ ಇಂಚ್‌ಕೇಪ್ ಪ್ರಭುವಾದ ಜೇಮ್ಸ್ ಮ್ಯಾಕೆಯ ಕೈಸೇರಿತು.

ಸಾಮ್ರಾಜ್ಯ ಅಳಿದ ಮೇಲೆ ಆ ಪರಸ್ಪರ ನೆರವಿನ ಹಂದರವೂ ಕುಸಿಯಿತು. 2019ರಲ್ಲಿ ಜೆಟ್ ಏರ್‌ವೇಸ್ ಭಾರತದಲ್ಲಿಯೂ ಹಾಲೆಂಡಿನಲ್ಲಿಯೂ ಏಕಕಾಲಕ್ಕೆ ದಿವಾಳಿಯ ವಿಚಾರಣೆಗೆ ಒಳಗಾದಾಗ, ಇಲ್ಲಿಯ ಮೇಲ್ಮನವಿ ನ್ಯಾಯಮಂಡಳಿ ಉಭಯ ದೇಶಗಳ ಆಡಳಿತಾಧಿಕಾರಿಗಳ ನಡುವಣ ಒಪ್ಪಂದವನ್ನೇ ಅಂಗೀಕರಿಸಬೇಕಾಯಿತು. ಔಷಧ 1908ರದೇ.

ಚೀನದ ಎವರ್‌ಗ್ರಾಂಡೆ ಕಂಪನಿಯ ರೋಗ ಇದಕ್ಕಿಂತ ಜಟಿಲ. ನೋಂದಣಿ ಕೇಮನ್ ದ್ವೀಪಗಳಲ್ಲಿ, ಷೇರುಪೇಟೆ 2025ರವರೆಗೆ ಹಾಂಗ್‌ಕಾಂಗಿನಲ್ಲಿ, ಡಾಲರ್ ಸಾಲಪತ್ರ ಕೊಂಡವರು ಹೊರದೇಶಗಳಲ್ಲಿ, ಕಟ್ಟಡಗಳೂ ಮುಂಗಡ ತೆತ್ತು ಮನೆಗಾಗಿ ಕಾದವರೂ ಚೀನದ ನೆಲದಲ್ಲಿ. ಅದರ ಹೊಣೆ 30,000 ಕೋಟಿ ಡಾಲರಿಗೂ ಮೀರಿದ್ದು. 2023ರ ಆಗಸ್ಟಿನಲ್ಲಿ ಅದು ನ್ಯೂಯಾರ್ಕಿನ ನ್ಯಾಯಾಲಯದ ರಕ್ಷಣೆ ಬೇಡಿತು. 2024ರ ಜನವರಿ 29ರಂದು ಹಾಂಗ್‌ಕಾಂಗಿನ ಹೈಕೋರ್ಟು ಅದರ ವಿಸರ್ಜನೆಗೆ ಆಜ್ಞೆ ಮಾಡಿತು. ಆದರೆ ಹಾಂಗ್‌ಕಾಂಗಿನ ವಿಸರ್ಜಕರನ್ನು ಮಾನ್ಯ ಮಾಡುವ 2021ರ ಪ್ರಾಯೋಗಿಕ ಏರ್ಪಾಡಿಗೆ ಚೀನ ಆರಿಸಿದ್ದು ಶಾಂಘೈ, ಷಿಯಾಮೆನ್, ಷೆಂಝೆನ್ ಎಂಬ ಮೂರು ನಗರಗಳನ್ನು ಮಾತ್ರ. ಕಂಪನಿ ಹುಟ್ಟಿದ ಗ್ವಾಂಗ್‌ಝೌ ಆ ಪಟ್ಟಿಯಲ್ಲಿರಲಿಲ್ಲ.