ಸೆಲ್ಫ್ ಹೊಡೆಯುವ ಮುನ್ನ ಕಿವಿಗೊಡಿ

ಕಾರು ಸ್ಟಾರ್ಟ್ ಆಗದಿದ್ದಾಗ ನಮ್ಮಲ್ಲಿ ಹೆಚ್ಚಿನವರು ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತಾರೆ, ಇಲ್ಲವೇ ಬ್ಯಾಟರಿ ಹೋಯಿತೆಂದು ತೀರ್ಪು ಕೊಟ್ಟುಬಿಡುತ್ತಾರೆ. ಎರಡೂ ಆತುರವೇ. ಕಾರಣ ತಿಳಿಯುವುದು ಮೊದಲು, ಕೈ ಹಾಕುವುದು ಆಮೇಲೆ. ಕೆಂಗಲ್ ಆಂಜನೇಯ ದೇವಸ್ಥಾನದ ಮುಂದಿನ ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಗಾಡಿ ನಿಂತರೆ ರಾಮನಗರದಿಂದಲೋ ಚನ್ನಪಟ್ಟಣದಿಂದಲೋ ಮೆಕ್ಯಾನಿಕ್ ಬರಬಹುದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಈ ಎರಡೂ ಊರುಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಬೇಲಿ ಕಟ್ಟಿದ ಆ ದಾರಿಯಲ್ಲಿ ನಿಂತವರು 1033ಕ್ಕೆ ಕರೆ ಮಾಡಬಹುದು. ಆದರೆ ಏನಾಗಿದೆಯೆಂದು ಸರಿಯಾಗಿ ಹೇಳಬೇಕಾದವರು ಅವರೇ.

ಇದಕ್ಕೆ ದಾರಿ ಸುಲಭ: ಎಂಜಿನ್ ತಿರುಗುತ್ತಲೇ ಇಲ್ಲವೋ, ತಿರುಗಿಯೂ ಹತ್ತಿಕೊಳ್ಳುತ್ತಿಲ್ಲವೋ? ಟಿಕ್‌ಟಿಕ್ ಎಂದು ಬಿಡದೆ ಸದ್ದಾಗಿ ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ ಅಥವಾ ಅದಕ್ಕೆ ಬಿಳಿ-ನೀಲಿ ಪುಡಿ ಹಿಡಿದಿದೆ. ದೀಪ ಪ್ರಖರವಾಗಿದ್ದು ಒಂದೇ ಸಲ ಟಕ್ ಎಂದು ಸುಮ್ಮನಾದರೆ ಅನುಮಾನ ಸೆಲ್ಫ್ ಮೋಟರಿನ ಮೇಲೆ. ಸದ್ದೇ ಇಲ್ಲದಿದ್ದರೆ ಆಟೊಮ್ಯಾಟಿಕ್ ಗಾಡಿಯ ಗೇರ್ ಪಾರ್ಕಿಂಗ್ ಅಥವಾ ನ್ಯೂಟ್ರಲ್‌ನಲ್ಲಿದೆಯೇ, ಕ್ಲಚ್ ಪೂರ್ತಿ ಒತ್ತಿದೆಯೇ ನೋಡಬೇಕು. ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಿ ಪ್ರಯೋಜನವಿಲ್ಲ. ಇಂಧನ, ಕಿಡಿ, ಗಾಳಿ ಇವುಗಳಲ್ಲಿ ಒಂದು ತಪ್ಪಿದೆ, ಇಲ್ಲವೇ ಇಮ್ಮೊಬಿಲೈಸರ್ ಕೀಲಿಯನ್ನು ಗುರುತಿಸಿಲ್ಲ. ಹಲವು ಪೆಟ್ರೋಲ್ ಕಾರುಗಳಲ್ಲಿ ಕೀಲಿ ಆನ್ ಮಾಡಿದೊಡನೆ ಹಿಂಬದಿಯಿಂದ ಪಂಪಿನ ಗುಂಯ್ ಸದ್ದು ಎರಡು ಸೆಕೆಂಡ್ ಕೇಳುತ್ತದೆ. ಅದು ಕೇಳದಿದ್ದರೆ ಮೊದಲು ಫ್ಯೂಸ್ ನೋಡಿ.

ಈಗಿನ ಕಾರು ಕಂಪ್ಯೂಟರ್ ಆಗಿದೆ, ನಮಗೇನು ತಿಳಿದೀತು ಎಂಬ ಆಕ್ಷೇಪವಿದೆ. ಆದರೆ ಆ ಕಂಪ್ಯೂಟರಿಗೂ ಬೇಕಾದ್ದು ಅದೇ 12 ವೋಲ್ಟ್ ಬ್ಯಾಟರಿ. ಸ್ಕ್ಯಾನರ್ ಕೊಡುವ ಕೋಡ್ ಯಾವ ಸರ್ಕ್ಯೂಟಿನಲ್ಲಿ ತೊಂದರೆಯೆಂದು ತೋರಿಸುತ್ತದೆಯೇ ಹೊರತು ಇಲಿ ಕಡಿದ ವೈರನ್ನು ತೋರಿಸುವುದಿಲ್ಲ. ಹೊಸ ಬ್ಯಾಟರಿ ಹಾಕಿಬಿಟ್ಟರೆ ಮುಗಿಯಿತಲ್ಲ ಎನ್ನುವವರಿಗೆ ಮಲ್ಟಿಮೀಟರೇ ಉತ್ತರ. ನಿಂತ ಕಾರಿನಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಎಂಜಿನ್ ಓಡುತ್ತಿದ್ದರೂ ವೋಲ್ಟ್ ಏರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹಾಕಿದ ಹೊಸ ಬ್ಯಾಟರಿಯೂ ಬರಿದಾಗುತ್ತದೆ, ದುಡ್ಡೂ ಹೋಗುತ್ತದೆ.

ಆತುರದ ನಿಜವಾದ ಬೆಲೆ ತಿಳಿಯುವುದು ನೆರೆಯಲ್ಲಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿ ಜಲಾವೃತವಾಗಿ ವಾಹನಗಳು ಮುಳುಗಿದವು. ನೀರಿನಲ್ಲಿ ಆಫ್ ಆದ ಕಾರಿಗೆ ಇನ್ನೊಮ್ಮೆ ಸೆಲ್ಫ್ ಹೊಡೆಯುವುದೇ ಅತಿ ದೊಡ್ಡ ತಪ್ಪು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನಲ್ಲ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತೊಳೆದು ಒಣಗಿಸಿದ್ದರೆ ಉಳಿಯುತ್ತಿದ್ದ ಎಂಜಿನ್ ಪೂರ್ತಿ ಬಿಚ್ಚಬೇಕಾದ ಸ್ಥಿತಿಗೆ ಬರುತ್ತದೆ. ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ಕಾರು ಮೊಂಡು ಹಿಡಿದಾಗ ಕೀಲಿಯಿಂದ ಕೈ ತೆಗೆಯಿರಿ. ಕೇಳಿದ ಸದ್ದು, ಕಂಡ ದೀಪ, ಕೊನೆಯ ಸಲ ಗಾಡಿ ಓಡಿದ ಬಗೆ, ಈ ಮೂರನ್ನೂ ಮೆಕ್ಯಾನಿಕ್‌ಗೆ ಇದ್ದದ್ದು ಇದ್ದಂತೆ ಹೇಳಿ. ಅರ್ಧ ರಿಪೇರಿ ಅಲ್ಲೇ ಆಗುತ್ತದೆ.