ದಾರಂದದ ತುಂಡಿನಿಂದ ಒಂದು ಮೆಝುಝಾ

ಠಾಣೆಯ ಹಳೆಯ ಕಟ್ಟಡಗಳಲ್ಲಿ ನೀವು ವಾಸವಿದ್ದವರಾದರೆ, ಕೆಲವು ಮನೆಗಳ ಬಾಗಿಲ ಬಲಗಡೆ ಭುಜದ ಎತ್ತರದಲ್ಲಿ ಬೆರಳುದ್ದದ ಪೆಟ್ಟಿಗೆಯೊಂದನ್ನು ನೋಡಿರಬಹುದು. ಅದು ಕರೆಗಂಟೆಯಲ್ಲ (ನಾನೂ ಒಮ್ಮೆ ಒತ್ತಿ ನೋಡಿ ಪೆಚ್ಚಾದವಳೇ!). ಯಹೂದ್ಯರ ಮೆಝುಝಾ ಅದು. ಒಳಗೆ ಚರ್ಮದ ಹಾಳೆಯ ಮೇಲೆ ಲಿಪಿಕಾರರು ಕೈಯಿಂದಲೇ ಬರೆದ ಧರ್ಮಗ್ರಂಥದ ವಾಕ್ಯಗಳ ಸುರುಳಿ ಇರುತ್ತದೆ. ಮನೆಯವರು ಹೋಗಿ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ನಮ್ಮ ಹೊಸ್ತಿಲ ನಮಸ್ಕಾರದ ಹಾಗೆ ಎಂದುಕೊಳ್ಳಿ.

ನಮ್ಮ ಪಕ್ಕದ ಮನೆಯ ಅಜ್ಜಿ ಬೆನೆ ಇಸ್ರೇಲ್ ಪಂಗಡದವರು. ಕೊಂಕಣ ಮೂಲದ, ಮನೆಯಲ್ಲಿ ಮರಾಠಿ ಆಡುವ ಯಹೂದ್ಯರು. ನಾನು ಕನ್ನಡದವಳೆಂದು ತಿಳಿದಾಗ ಅವರು ಮೊದಲು ಕೇಳಿದ್ದೇ ಟಿಪ್ಪುವಿನ ವಿಷಯ. ಕಂಪೆನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕಿ, ಬದುಕಿ ಬಂದರೆ ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತರಂತೆ. 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದವರು ಅವರೇ. ಮಾಂಡ್ವಿಯ ಸ್ಯಾಮ್ಯುಯೆಲ್ ಸ್ಟ್ರೀಟಿಗೆ ಅವರದೇ ಹೆಸರು. ಮಸ್ಜಿದ್ ಬಂದರ್ ಸ್ಟೇಷನ್ನಿನ 'ಮಸ್ಜಿದ್' ಕೂಡ ಆ ಸಿನಗಾಗೇ ಎನ್ನುತ್ತಾರೆ. ಇಷ್ಟು ವರ್ಷ ಆ ಲೋಕಲ್ಲಿನಲ್ಲಿ ಓಡಾಡಿಯೂ ನನಗಿದು ಗೊತ್ತಿರಲಿಲ್ಲ ನೋಡಿ!

ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದಾಗ ಅಜ್ಜಿ ಮೆಝುಝಾ ಬಿಚ್ಚಿದರು. ತಗಡಿನ ಪೆಟ್ಟಿಗೆಗೆ ತುಕ್ಕು ಹಿಡಿದಿತ್ತು. "ನೀನು ಮರದಲ್ಲಿ ಏನೇನೋ ಕೊರೆಯುತ್ತೀಯಲ್ಲ, ಇದೊಂದು ಮಾಡಿಕೊಡು" ಎಂದರು. ಯಾವ ಮರ ಎಂದರೆ, ತಮ್ಮ ಬಾಗಿಲ ದಾರಂದವನ್ನೇ ತೋರಿಸಿದರು. ಅಪ್ಪಟ ಸಾಗುವಾನಿ. ಕೆಡಹುವವರಿಗೆ ಚಹಾ ಕೊಟ್ಟು ಒಂದಡಿ ತುಂಡು ಉಳಿಸಿಕೊಂಡೆ.

ನೀವೂ ಮಾಡಬಹುದು, ಕಷ್ಟವಿಲ್ಲ. ಐದಿಂಚು ಉದ್ದ, ಒಂದಿಂಚು ಅಗಲ, ಮುಕ್ಕಾಲಿಂಚು ದಪ್ಪದ ತುಂಡು ಸಾಕು. ಹಿಂಬದಿಯಲ್ಲಿ ಅರ್ಧ ಇಂಚಿನ ಉಳಿಯಿಂದ ನಾಲ್ಕಿಂಚಿಗಿಂತ ತುಸು ಉದ್ದದ ಕಾಲುವೆ ತೋಡಬೇಕು. ಆದರೆ ಮೊದಲು ಸುರುಳಿಯ ಅಳತೆ ತೆಗೆದುಕೊಳ್ಳಿ, ಸುರುಳಿಯನ್ನು ಮಡಿಸಕೂಡದು. ಎಳೆಯ ದಿಕ್ಕಿಗೇ ಉಳಿ ಹಿಡಿಯಿರಿ. ಹಳೆಯ ಸಾಗುವಾನಿ ಅಡ್ಡಕ್ಕೆ ಹೊಡೆದರೆ ಚಕ್ಕೆ ಏಳುತ್ತದೆ. ಮೊಳೆಯ ತೂತುಗಳನ್ನು ಎರಡು ತುದಿಯಲ್ಲಿ ಮೊದಲೇ ಕೊರೆದುಬಿಡಿ. ಮುಂಬದಿಗೆ 'ಶಿನ್' ಎಂಬ ಹೀಬ್ರೂ ಅಕ್ಷರ. ದೇವರ ಹೆಸರೊಂದರ ಮೊದಲಕ್ಷರವದು. ನನ್ನ ಕಣ್ಣಿಗೆ ತ್ರಿಶೂಲದ ಹಾಗೇ ಕಂಡಿತು. ಅಜ್ಜಿ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಕಾರ್ಬನ್ ಇಟ್ಟು ಇಳಿಸಿಕೊಂಡೆ. ಮತ್ತೊಂದು ಮೂಲೆಗೆ ಆರು ಮೂಲೆಯ ದಾವಿದನ ನಕ್ಷತ್ರ. ರಂಗೋಲಿಯಲ್ಲಿ ಷಟ್ಕೋನ ಹಾಕಿದ ಕೈಗೆ ಅದನ್ನು ಯಾರೂ ಕಲಿಸಬೇಕಿಲ್ಲ!

ಹಿಂಬದಿಗೆ ತೆಳು ಪ್ಲೈವುಡ್ ಪಟ್ಟಿಯನ್ನು ಫೆವಿಕಾಲ್ ಹಚ್ಚಿ ಭದ್ರಪಡಿಸಿ, ಹೆಮ್ಮೆಯಿಂದ ಒಯ್ದೆ. ಅಜ್ಜಿ ತಿರುಗಿಸಿ ನೋಡಿ ನಕ್ಕರು. ಏಳು ವರ್ಷಕ್ಕೆ ಎರಡು ಸಲ ಸುರುಳಿ ತೆಗೆದು, ಅಕ್ಷರ ಮಾಸಿದೆಯೇ ಎಂದು ತೋರಿಸಬೇಕಂತೆ. ಒಂದಕ್ಷರ ಕೆಟ್ಟರೂ ಅದು ನಡೆಯದು. ಪೆಟ್ಟಿಗೆ ಎಷ್ಟು ಚಂದವಿದ್ದರೂ ಬರಿಯ ಮರವೇ ತಾನೇ? ಉಳಿದ ತುಂಡಿನಿಂದ ಇನ್ನೊಂದು ಮಾಡಿ, ಪಟ್ಟಿಗೆ ಎರಡು ಸಣ್ಣ ಸ್ಕ್ರೂ ಹಾಕಿದೆ.

ಅಜ್ಜಿಯ ಮಕ್ಕಳು ಇಸ್ರೇಲಿನಲ್ಲಿದ್ದಾರೆ, ಕರೆಯುತ್ತಲೇ ಇರುತ್ತಾರೆ. ಸದ್ಯ ಅವರು ಬಾಡಿಗೆ ಮನೆಯಲ್ಲಿದ್ದಾರೆ, ನಾವು ಡೊಂಬಿವಲಿಯಲ್ಲಿ. ಹೋದ ತಿಂಗಳು ನೋಡಲು ಹೋಗಿದ್ದೆ. ಪೆಟ್ಟಿಗೆ ಬಾಗಿಲಲ್ಲಿತ್ತು. ಹೊಸ ಕಟ್ಟಡ ಎದ್ದಮೇಲೆ ಬಿಚ್ಚಿ ತರುತ್ತಾರಂತೆ. "ನಾನಿದ್ದರೆ" ಎಂದರು. ನಾನು ಚಹಾ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಅಂಟು ಹಾಕಿದ ಮೊದಲ ಪೆಟ್ಟಿಗೆ ನನ್ನಲ್ಲೇ ಉಳಿದಿದೆ, ಹೊಲಿಗೆ ಡಬ್ಬಿಯಲ್ಲಿ.