ಪ್ರಾಸ್ಟೇಟ್ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ: ತಂತ್ರಜ್ಞರ ಹೊಣೆ

ಪ್ರಾಸ್ಟೇಟ್ ಪುರುಷರಲ್ಲಿ ಮಾತ್ರ ಇರುವ ಚಿಕ್ಕ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು ಅದು ನೆಲೆಗೊಂಡಿದೆ. ವಯಸ್ಸು ಹೆಚ್ಚಿದಂತೆ ಈ ಗ್ರಂಥಿಯಲ್ಲಿ ಕ್ಯಾನ್ಸರ್ ತಲೆದೋರುವ ಸಂಭವವೂ ಹೆಚ್ಚುತ್ತದೆ. ರೋಗವು ದೂರದ ಅಂಗಗಳಿಗೆ ಹರಡುವ ಮೊದಲೇ ಪತ್ತೆಯಾದರೆ, ಶಸ್ತ್ರಚಿಕಿತ್ಸೆಯಿಂದ ಹೇಗೋ ಹಾಗೆ ವಿಕಿರಣ ಚಿಕಿತ್ಸೆಯಿಂದಲೂ ಅದನ್ನು ಗುಣಪಡಿಸಲು ಸಾಧ್ಯ. ವಿಕಿರಣದ ಪ್ರಮಾಣವನ್ನು ತಜ್ಞ ವೈದ್ಯರು ನಿಗದಿಪಡಿಸುತ್ತಾರೆ. ಅದರ ಲೆಕ್ಕಾಚಾರವನ್ನು ವೈದ್ಯಕೀಯ ಭೌತವಿಜ್ಞಾನಿಗಳು ಪರಿಶೀಲಿಸುತ್ತಾರೆ. ಹೀಗೆ ಸಿದ್ಧಗೊಂಡ ಯೋಜನೆಯನ್ನು ದಿನದಿನವೂ ಕಾರ್ಯಗತಗೊಳಿಸುವವರು ವಿಕಿರಣ ಚಿಕಿತ್ಸಾ ತಂತ್ರಜ್ಞರು.

ನೆಲೆ ಬದಲಿಸುವ ಗ್ರಂಥಿ

ಪ್ರಾಸ್ಟೇಟ್ ದೇಹದೊಳಗೆ ಒಂದೇ ಸ್ಥಳದಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಮೂತ್ರಕೋಶ ಎಷ್ಟು ತುಂಬಿದೆ, ಗುದನಾಳದಲ್ಲಿ ಮಲ ಅಥವಾ ವಾಯು ಎಷ್ಟಿದೆ ಎಂಬುದನ್ನು ಅನುಸರಿಸಿ ಅದು ಕೆಲವು ಮಿಲಿಮೀಟರ್‌ಗಳಷ್ಟು, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿಯೂ, ಸರಿಯುತ್ತದೆ. ಚರ್ಮದ ಮೇಲಿನ ಗುರುತುಗಳನ್ನಷ್ಟೇ ನಂಬಿ ಕಿರಣ ಹಾಯಿಸಿದರೆ ಕ್ಯಾನ್ಸರಿನ ಅಂಚು ಕಿರಣದಿಂದ ತಪ್ಪಿಸಿಕೊಳ್ಳಬಹುದು. ಆರೋಗ್ಯವಾಗಿರುವ ಗುದನಾಳಕ್ಕೆ ಅನವಶ್ಯಕವಾಗಿ ವಿಕಿರಣ ತಗಲಬಹುದು.

ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಶೋಧಕರು 127 ರೋಗಿಗಳನ್ನು ಕುರಿತ ಅಧ್ಯಯನವೊಂದನ್ನು 2005ರಲ್ಲಿ ಪ್ರಕಟಿಸಿದರು. ಯೋಜನೆಗಾಗಿ ಸಿ.ಟಿ. ಚಿತ್ರ ತೆಗೆದ ದಿನ ಗುದನಾಳವು ಉಬ್ಬಿದ್ದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚೆಂದು ಅದರಿಂದ ತಿಳಿದುಬಂತು. ಅವರಿಗೆ ಪ್ರತಿದಿನ ಗ್ರಂಥಿಯ ನೆಲೆಯನ್ನು ಚಿತ್ರದಿಂದ ಗುರುತಿಸಿ ಚಿಕಿತ್ಸೆ ನೀಡಿರಲಿಲ್ಲ. ಚಿತ್ರ ನಿರ್ದೇಶಿತ ವಿಕಿರಣ ಚಿಕಿತ್ಸೆಯು ನಿವಾರಿಸುವುದು ಈ ಕೊರತೆಯನ್ನೇ.

ಚಿಕಿತ್ಸಾ ಕೊಠಡಿಯಲ್ಲಿ

ಬೆಳಗ್ಗೆ ಮೊದಲ ರೋಗಿ ಬರುವ ಮುನ್ನವೇ ಲೀನಿಯರ್ ಆಕ್ಸಿಲರೇಟರ್ ಯಂತ್ರದ ದೈನಂದಿನ ತಪಾಸಣೆ ಮುಗಿದಿರುತ್ತದೆ. ತಂತ್ರಜ್ಞರು ರೋಗಿಯ ಗುರುತನ್ನು ಖಚಿತಪಡಿಸಿಕೊಂಡು, ನೀರು ಕುಡಿದು ನಿಗದಿತ ಸಮಯ ಕಾದಿರುವರೇ, ಮಲವಿಸರ್ಜನೆಯಾಗಿದೆಯೇ ಎಂದು ವಿಚಾರಿಸುತ್ತಾರೆ. ಬಳಿಕ ರೋಗಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಲೇಸರ್ ಗೆರೆಗಳಿಗೆ ದೇಹದ ಗುರುತುಗಳನ್ನು ಹೊಂದಿಸುತ್ತಾರೆ.

ಅನಂತರ ಅದೇ ಯಂತ್ರಕ್ಕೆ ಜೋಡಿಸಿರುವ ಎಕ್ಸ್-ರೇ ಸಾಧನದಿಂದ ಚಿತ್ರ ತೆಗೆದು ಯೋಜನೆಯ ಚಿತ್ರದೊಂದಿಗೆ ಹೋಲಿಸುತ್ತಾರೆ. ಕೆಲವು ರೋಗಿಗಳ ಗ್ರಂಥಿಯೊಳಗೆ ಮೊದಲೇ ಚಿನ್ನದ ಸಣ್ಣ ಕಣಗಳನ್ನು ಇರಿಸಿರುತ್ತಾರೆ. ಎಕ್ಸ್-ರೇ ಚಿತ್ರದಲ್ಲಿ ಇವು ಸ್ಪಷ್ಟವಾಗಿ ಕಾಣುವುದರಿಂದ ಗ್ರಂಥಿಯ ನೆಲೆ ತಿಳಿಯುತ್ತದೆ. ಎಷ್ಟು ಮಿಲಿಮೀಟರ್ ವ್ಯತ್ಯಾಸ ಕಂಡಿತೋ ಅಷ್ಟು ಮೇಜನ್ನು ಸರಿಸಲಾಗುತ್ತದೆ.

ಮೇಜನ್ನು ಸರಿಸಿದರೆ ಎಲ್ಲವೂ ಸರಿಹೋಗುವುದಿಲ್ಲ. ಗುದನಾಳದಲ್ಲಿ ವಾಯು ತುಂಬಿದ್ದರೆ, ಮೂತ್ರಕೋಶ ಬರಿದಾಗಿದ್ದರೆ ಅಂಗಗಳ ಆಕಾರವೇ ಬದಲಾಗಿರುತ್ತದೆ. ಅಂತಹ ದಿನ ಕಿರಣ ಹಾಯಿಸದೆ, ರೋಗಿಯನ್ನು ಎಬ್ಬಿಸಿ, ಸ್ವಲ್ಪ ಹೊತ್ತು ಕಾಯಿಸಿ ಮತ್ತೆ ಚಿತ್ರ ತೆಗೆಯಬೇಕು. ಅಗತ್ಯವಾದರೆ ವೈದ್ಯರನ್ನು ಕರೆಯಬೇಕು. ಹೊರಗೆ ಸರದಿಯಲ್ಲಿ ಎಷ್ಟೇ ಮಂದಿ ಕಾದಿದ್ದರೂ ‘ಇಂದು ಹೀಗೆ ಮುಂದುವರಿಯಲಾಗದು’ ಎಂದು ನಿಲ್ಲಿಸುವ ಈ ವಿವೇಚನೆಯೇ ತಂತ್ರಜ್ಞರ ಕೆಲಸದ ತಿರುಳು.

ಕಡಿಮೆ ದಿನ, ಹೆಚ್ಚಿನ ಎಚ್ಚರ

ದೇಹವು ಹೀರಿಕೊಳ್ಳುವ ವಿಕಿರಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಹಿಂದೆ ದಿನಕ್ಕೆ 2 ಗ್ರೇಯಂತೆ ಏಳೆಂಟು ವಾರ ಚಿಕಿತ್ಸೆ ನೀಡುವುದು ವಾಡಿಕೆಯಾಗಿತ್ತು. ಮುಖ್ಯವಾಗಿ ಬ್ರಿಟನ್ನಿನಲ್ಲಿ 3,216 ಪುರುಷರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 37 ಬಾರಿಯಲ್ಲಿ ನೀಡುವ 74 ಗ್ರೇಗೆ ಹೋಲಿಸಿದರೆ, 20 ಬಾರಿಯಲ್ಲಿ ನೀಡುವ 60 ಗ್ರೇ ರೋಗನಿಯಂತ್ರಣದಲ್ಲಿ ಹಿಂದೆ ಬೀಳುವುದಿಲ್ಲವೆಂದು ಅದು ತೋರಿಸಿತು. ಆಯ್ದ ರೋಗಿಗಳಿಗೆ ಕೇವಲ 5 ಬಾರಿಯಲ್ಲಿ ಚಿಕಿತ್ಸೆ ಮುಗಿಸುವ ವಿಧಾನವೂ ಬಳಕೆಯಲ್ಲಿದೆ. ಇದರಿಂದ ದೂರದಿಂದ ಬರುವವರ ಖರ್ಚು, ಆಯಾಸ ತಗ್ಗುತ್ತವೆ. ಆದರೆ 5 ಬಾರಿಯ ಚಿಕಿತ್ಸೆಯಲ್ಲಿ ಒಮ್ಮೆ ಗುರಿ ತಪ್ಪಿದರೂ ಒಟ್ಟು ಚಿಕಿತ್ಸೆಯ ಐದನೆಯ ಒಂದು ಭಾಗ ಕೆಟ್ಟಂತೆ. ಆದ್ದರಿಂದ ದಿನಗಳು ಕಡಿಮೆಯಾದಷ್ಟೂ ತಂತ್ರಜ್ಞರ ಹೊಣೆ ಹೆಚ್ಚುತ್ತದೆ.

ರೋಗಿಯ ಸಹಕಾರ

ವೈದ್ಯರ ಭೇಟಿ ಸಾಮಾನ್ಯವಾಗಿ ವಾರಕ್ಕೊಮ್ಮೆ. ತಂತ್ರಜ್ಞರ ಭೇಟಿ ಚಿಕಿತ್ಸೆಯ ಪ್ರತಿದಿನ. ಉರಿಮೂತ್ರ, ಪದೇಪದೇ ಮೂತ್ರಕ್ಕೆ ಹೋಗುವುದು, ಭೇದಿ, ಆಯಾಸ ಮುಂತಾದವನ್ನು ಅವರಿಗೆ ತಿಳಿಸಿದರೆ ಅದು ಬೇಗನೆ ವೈದ್ಯರ ಗಮನಕ್ಕೆ ಬರುತ್ತದೆ. ಮಲಮೂತ್ರದ ವಿಷಯ ಮಾತನಾಡಲು ಅನೇಕ ಹಿರಿಯರು ಸಂಕೋಚಪಡುತ್ತಾರೆ. ಮೂತ್ರ ತಡೆಯಲಾಗದೆ ಹೋಗಿಬಂದುದನ್ನು ಮುಚ್ಚಿಟ್ಟರೆ ಹಾನಿಯಾಗುವುದು ರೋಗಿಗೇ.

ಮುಂಬಯಿ, ಚೆನ್ನೈ, ಹೈದರಾಬಾದ್ ಮೊದಲಾದ ನಗರಗಳಲ್ಲಿ ಚಿಕಿತ್ಸೆ ಪಡೆಯುವ ಕನ್ನಡಿಗರಿಗೆ ಅಲ್ಲಿನ ಭಾಷೆ ಪೂರ್ತಿ ತಿಳಿಯದಿರಬಹುದು. ಮೊದಲ ಕೆಲವು ದಿನ ಆ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು. ಎಷ್ಟು ನೀರು ಕುಡಿಯಬೇಕು, ಎಷ್ಟು ಹೊತ್ತು ಕಾಯಬೇಕು, ತೊಂದರೆಯಾದರೆ ಹೇಗೆ ಕೈಸನ್ನೆ ಮಾಡಬೇಕು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಕಿರಣ ಹಾಯುವಾಗ ನೋವಾಗುವುದಿಲ್ಲ. ಆಗ ರೋಗಿ ಕೊಠಡಿಯಲ್ಲಿ ಒಬ್ಬರೇ ಇದ್ದರೂ ತಂತ್ರಜ್ಞರು ಹೊರಗಿನಿಂದ ಕ್ಯಾಮೆರಾ ಮೂಲಕ ಗಮನಿಸುತ್ತಲೇ ಇರುತ್ತಾರೆ. ಅಗತ್ಯ ಬಿದ್ದರೆ ಯಂತ್ರವನ್ನು ಕೂಡಲೇ ನಿಲ್ಲಿಸುತ್ತಾರೆ. ಹೊರಗಿನಿಂದ ಹಾಯಿಸಿದ ಈ ವಿಕಿರಣ ದೇಹದಲ್ಲಿ ಉಳಿಯುವುದಿಲ್ಲ. ಮನೆಗೆ ಮರಳಿದ ರೋಗಿ ಮೊಮ್ಮಕ್ಕಳನ್ನು ನಿಶ್ಚಿಂತೆಯಿಂದ ಎತ್ತಿಕೊಳ್ಳಬಹುದು.